ಮಜಲ್‌ಲೋಡರ್ ನೆಟ್ಟಗೆ ಹೊಡೆಯುತ್ತಿಲ್ಲವಾ? ಮದ್ದು ಹೆಚ್ಚಿಸುವ ಮುಂಚೆ ಇಷ್ಟು ನೋಡಿ

ಬಾಯಿ ಕಡೆಯಿಂದ ಮದ್ದು, ಗುಂಡು ತುಂಬುವ ಕೋವಿಗೆ ಅಮೆರಿಕದಲ್ಲಿ ಮಜಲ್‌ಲೋಡರ್ ಅನ್ನುತ್ತಾರೆ. ಜಿಂಕೆ ಬೇಟೆಗೆ ಬಹಳ ರಾಜ್ಯಗಳು ಇದಕ್ಕೆಂದೇ ಪ್ರತ್ಯೇಕ ಸೀಸನ್ ಇಟ್ಟಿವೆ. ಊರಲ್ಲಿ ಕೇಪಿನ ಕೋವಿ ನೋಡಿ ಬೆಳೆದ ಮಲೆನಾಡು, ಕೊಡಗಿನ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ಆದರೆ ಕಿಡಿ ನಳಿಗೆಯ ನೇರ ಹಿಂದಿನಿಂದಲೇ ಮದ್ದಿಗೆ ತಗಲುವ ಈಗಿನ ಇನ್‌ಲೈನ್ ಕೋವಿಯಲ್ಲಿ ಮದ್ದು ನಾಲ್ಕು ಥರ, ಗುಂಡು ಹತ್ತಾರು ಥರ. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ತುಂಬಿ ಹೊಡೆದು, ಗುಂಡು ಎಲ್ಲೆಲ್ಲೋ ಬಿತ್ತು ಅಂದ ತಕ್ಷಣ ಜನ ಮಾಡುವ ಮೊದಲ ಕೆಲಸ ಮದ್ದು ಜಾಸ್ತಿ ಮಾಡುವುದು. ಬಹುಪಾಲು ಸಲ ತೊಂದರೆ ಅಲ್ಲಿರುವುದಿಲ್ಲ. ಮದ್ದು ಹೆಚ್ಚಿಸಿದರೆ ತೊಂದರೆ ಮುಚ್ಚಿಹೋಗುತ್ತದೆ, ಇಲ್ಲವೇ ದೊಡ್ಡದಾಗುತ್ತದೆ.

ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡೋಣ. ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಹೆಚ್ಚಿನವರ ಕೈಯಲ್ಲಿ ಇರುವುದು 50 ಕ್ಯಾಲಿಬರಿನ, ಅಂದರೆ ನಳಿಗೆಯ ಒಳ ಅಗಲ ಅರ್ಧ ಇಂಚಿನ, ಇನ್‌ಲೈನ್ ಕೋವಿ, ಮದ್ದಿಗೆ ಕಿಡಿ ಕೊಡುವ 209 ಪ್ರೈಮರ್. ನಾನು ಹೇಳುವ ಲೆಕ್ಕ ಅದಕ್ಕೇ. ಕಲ್ಲು ಉಕ್ಕಿಗೆ ಬಡಿದು ಕಿಡಿ ಬರುವ ಫ್ಲಿಂಟ್‌ಲಾಕ್ ಮತ್ತು ಉಂಡೆ ಗುಂಡಿನ ವಿಷಯ ಅಲ್ಲಲ್ಲಿ ಬೇರೆಯಾಗಿ ಹೇಳಿದ್ದೇನೆ.

ಒಂದು ಮಾತು ಸ್ಪಷ್ಟವಾಗಿರಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ಇಲ್ಲಿರುವುದು ಅಮೆರಿಕದಲ್ಲಿ ಲೈಸೆನ್ಸ್ ತೆಗೆದುಕೊಂಡು, ಬೇಟೆ ತರಬೇತಿ ಮುಗಿಸಿ, ಸೀಸನ್ನಿನಲ್ಲಿ ವೈಟ್‌ಟೇಲ್ ಜಿಂಕೆಗೆ ಹೋಗುವವರಿಗಾಗಿ. ಗ್ರೀನ್ ಕಾರ್ಡ್ ಇಲ್ಲದೆ ಕೆಲಸದ ವೀಸಾದಲ್ಲಿ ಇದ್ದರೆ ಕೋವಿ ಮುಟ್ಟುವ ಮುಂಚೆ ವಕೀಲರನ್ನು ಕೇಳಿ. ಅಲ್ಲಿನ ಕೇಂದ್ರದ ಕಾನೂನು ಬೇರೆ, ರಾಜ್ಯದ ಕಾನೂನು ಬೇರೆ. ಸ್ನೇಹಿತರ ಮಾತು ನಂಬಿ ಹೋಗುವ ವಿಷಯ ಅಲ್ಲ ಇದು.

ಯಾವ ಪರೀಕ್ಷೆಗೂ ಮುಂಚೆ

ಕೋವಿ ತುಂಬಿದೆಯೋ ಖಾಲಿಯೋ ಅಂತ, ಗುಂಡು ಒತ್ತಿ ಕೂರಿಸುವ ಉದ್ದ ಕೋಲು, ಅಂದರೆ ರ್‍ಯಾಮ್‌ರಾಡ್ ಬಿಟ್ಟು ನೋಡಿ. ಖಾಲಿ ನಳಿಗೆಯಲ್ಲಿ ರಾಡ್ ಎಲ್ಲಿಗೆ ನಿಲ್ಲುತ್ತದೋ ಅಲ್ಲೊಂದು ಗೆರೆ, ಸರಿಯಾಗಿ ತುಂಬಿದಾಗ ಎಲ್ಲಿಗೆ ನಿಲ್ಲುತ್ತದೋ ಅಲ್ಲೊಂದು ಗೆರೆ ಹಾಕಿಕೊಳ್ಳಿ. ಒಂದು ಮಾರ್ಕರ್ ಪೆನ್ನು ಸಾಕು. ಮುಂದೆ ಬರುವ ಅರ್ಧ ಪರೀಕ್ಷೆಗಳು ಈ ಎರಡು ಗೆರೆಗಳ ಮೇಲೇ ನಿಂತಿವೆ. ಹಳೇ ಕೋವಿ ಕೊಂಡುಕೊಂಡಿದ್ದರಂತೂ ಇದು ಮೊಟ್ಟಮೊದಲ ಕೆಲಸ, ಯಾಕೆಂದರೆ ತುಂಬಿಟ್ಟು ಮರೆತ ಕೋವಿಗಳು ಹಾಗೇ ಕೈ ಬದಲಾಗುತ್ತವೆ.

ಮದ್ದನ್ನು ಅಳೆಯುವುದು ಅಳತೆಯ ಕೊಳವೆಯಲ್ಲಿ, ಗಾತ್ರದ ಲೆಕ್ಕದಲ್ಲಿ. ತಕ್ಕಡಿಯಲ್ಲಿ ಅಲ್ಲ. ಗ್ರೇನ್ ಅನ್ನುವುದು ಸಣ್ಣ ಅಳತೆ; ಗುಂಡಿಗೆ ಅದು ತೂಕ, ಮದ್ದಿಗೆ ಕೊಳವೆಯ ಗೆರೆ. 100 ಗ್ರೇನ್ ಮದ್ದು ಅಂದರೆ ಕೊಳವೆಯ 100ನೇ ಗೆರೆ ತನಕ. ಕರಿಮದ್ದಿಗೆ ಬದಲಾಗಿ ಬರುವ ಬ್ಲ್ಯಾಕ್‌ಹಾರ್ನ್ 209 ಅನ್ನು ಹಾಗೆ ಅಳೆದು ತೂಕಕ್ಕೆ ಹಾಕಿದರೆ ಹೆಚ್ಚುಕಡಿಮೆ 70 ಗ್ರೇನ್ ಬರುತ್ತದೆ. ಇದು ಗೊತ್ತಿಲ್ಲದೆ ತಕ್ಕಡಿಯಲ್ಲೇ 100 ತೂಗಿ ಹಾಕಿದರೆ ಎಷ್ಟು ಜಾಸ್ತಿಯಾಯಿತು ಲೆಕ್ಕ ಹಾಕಿ. ಇನ್ನೊಂದು ಬದಲಿ ಮದ್ದು ಟ್ರಿಪಲ್ ಸೆವೆನ್, ಅದೇ ಗಾತ್ರದ ಕರಿಮದ್ದಿಗಿಂತ ಸುಮಾರು 15 ಪರ್ಸೆಂಟ್ ಜೋರು, ಅದಕ್ಕೆ ತಕ್ಕಂತೆ ಕಡಿಮೆ ಹಾಕಬೇಕು. ಕೋವಿಯ ಕೈಪಿಡಿ ಒಂದು ಮಿತಿ ಹೇಳುತ್ತದೆ, ಮದ್ದಿನ ಡಬ್ಬಿ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ.

ಈಗಿನ ರೈಫಲ್ ತೋಟಾಗಳಲ್ಲಿ ಇರುವ ಹೊಗೆಯಿಲ್ಲದ ಮದ್ದನ್ನು ಮಾಮೂಲಿ ಮಜಲ್‌ಲೋಡರಿಗೆ ಒಂದು ಚಿಟಿಕೆಯೂ ಹಾಕಬಾರದು. ಸ್ಯಾವೇಜ್ 10ಎಂಎಲ್ ಥರ ಅದಕ್ಕಾಗಿಯೇ ಕಟ್ಟಿದ ಕೋವಿ ಬಿಟ್ಟರೆ ಮಿಕ್ಕಿದ್ದೆಲ್ಲ ಒಡೆದುಹೋಗುತ್ತವೆ. ಕೈ, ಕಣ್ಣು ಹೋದವರಿದ್ದಾರೆ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವುದೂ ಬೇಡ. ಒಳಗೆ ಹಿಂದಿನ ಗುಂಡಿನ ಕಿಡಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ.

ಗುಂಡು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ

ಮೊದಲು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪಿನ ಬೇಸ್, ರಿಂಗ್, ಮರದ ಹಿಡಿಯ ಸ್ಕ್ರೂ ಎಲ್ಲವನ್ನೂ ಒಂದು ಸಲ ನೋಡಿ. ಇದರ ಒದೆತ ಜೋರು, ಸ್ಕ್ರೂ ತಾನಾಗಿಯೇ ಸಡಿಲವಾಗುತ್ತದೆ. ಬೆಂಚಿನ ಮೇಲೆ ನಳಿಗೆಯನ್ನು ನೇರವಾಗಿ ಮೂಟೆಗೆ ಆನಿಸುತ್ತಿದ್ದೀರಾ? ಅದರ ಬದಲು ಮುಂಗೈ ಹಿಡಿಯುವ ಮರದ ಭಾಗವನ್ನು ಆನಿಸಿ. ಇಷ್ಟಕ್ಕೇ ಸರಿಹೋದರೆ ಒಂದು ಪೈಸೆ ಖರ್ಚಿಲ್ಲ.

ಸರಿಹೋಗಲಿಲ್ಲ ಅಂದರೆ ಮಸಿ ನೋಡಿ. ಪ್ರತಿ ಗುಂಡಿಗೂ ನಳಿಗೆಯೊಳಗೆ ಒಂದು ಪದರ ಮಸಿ ಕೂರುತ್ತದೆ. ಮೊದಲ ಗುಂಡು ಹೋದ ನಳಿಗೆಯೇ ಬೇರೆ, ಮೂರನೇ ಗುಂಡು ಹೋಗುವ ನಳಿಗೆಯೇ ಬೇರೆ ಅನ್ನುವಷ್ಟು ವ್ಯತ್ಯಾಸ ಬರುತ್ತದೆ. ಪ್ರತಿ ಗುಂಡಿನ ನಡುವೆ ಒಂದು ಒದ್ದೆ ಬಟ್ಟೆ ತುಂಡು, ಆಮೇಲೆ ಒಂದು ಒಣ ತುಂಡು ಆಡಿಸಿ ಮತ್ತೆ ಮೂರು ಗುಂಡು ಹೊಡೆಯಿರಿ. ಮೂರೂ ಹತ್ತಿರ ಬಂದರೆ ಉತ್ತರ ಸಿಕ್ಕಿತು. ಬ್ಲ್ಯಾಕ್‌ಹಾರ್ನ್ ಬಳಸುವವರಿಗೆ ಈ ತೊಂದರೆ ಕಡಿಮೆ, ಅದು ಅಷ್ಟು ಮಸಿ ಬಿಡುವುದಿಲ್ಲ. ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಅಸಲಿ ಕರಿಮದ್ದು ಇವುಗಳಲ್ಲಿ ಒರೆಸದೆ ಇದ್ದರೆ ಒಂದೇ ಸಮ ಹೊಡೆತ ನಿರೀಕ್ಷಿಸಬೇಡಿ.

ಗುಂಡನ್ನು ಕೂರಿಸುವ ಒತ್ತಡವೂ ಪ್ರತಿ ಸಲ ಒಂದೇ ಇರಬೇಕು. ಪುಡಿಯ ಮೇಲೆ ಗಟ್ಟಿಯಾಗಿ ಕೂತಿತು ಅನ್ನಿಸುವ ತನಕ ಒಂದೇ ಸಮ ಒತ್ತಿ, ಅಷ್ಟೇ. ಕೆಲವರು ರಾಡ್ ಎತ್ತಿ ಎತ್ತಿ ಕುಟ್ಟುತ್ತಾರೆ. ಕುಟ್ಟಿದರೆ ಗುಂಡಿನ ಮೂತಿ ಹಾಳಾಗುತ್ತದೆ, ಮದ್ದನ್ನು ಗುಳಿಗೆಯ ಹಾಗೆ ಒತ್ತಿ ಮಾಡಿದ ಪೆಲೆಟ್ ಇದ್ದರೆ ಅದು ಒಡೆಯುತ್ತದೆ. ಒಡೆದ ಪೆಲೆಟ್ ಉರಿಯುವ ರೀತಿಯೇ ಬೇರೆ.

ಇನ್ನು ಸೇಬೋ. ಇದು ಗುಂಡಿಗೆ ಹಾಕುವ ಪ್ಲಾಸ್ಟಿಕ್ ಬಟ್ಟಲು. 50 ಕ್ಯಾಲಿಬರಿನ ನಳಿಗೆಯಲ್ಲಿ 45 ಅಥವಾ 44 ಕ್ಯಾಲಿಬರಿನ ಗುಂಡನ್ನು ಹಿಡಿದುಕೊಂಡು ಹೋಗಿ, ಬಾಯಿ ದಾಟಿದ ಮೇಲೆ ಬಿಚ್ಚಿಕೊಂಡು ಬೀಳುತ್ತದೆ. ಶೂಟಿಂಗ್ ರೇಂಜಿನಲ್ಲಿ ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ ಮುಂದೆ ಹೋಗಿ ಅದನ್ನು ಹುಡುಕಿ ತನ್ನಿ. ಇದರಷ್ಟು ಪುಕ್ಕಟೆ ಮಾಹಿತಿ ಇನ್ನೆಲ್ಲೂ ಸಿಗುವುದಿಲ್ಲ. ಕೈಯಲ್ಲಿ ಹಿಡಿದು ನೋಡಿ. ಎಸಳುಗಳೆಲ್ಲ ಒಂದೇ ಅಳತೆಗೆ ಹೊರಕ್ಕೆ ಬಾಗಿರಬೇಕು. ಬುಡ ಇಡಿಯಾಗಿರಬೇಕು. ಪಕ್ಕದಲ್ಲಿ ನಳಿಗೆಯೊಳಗಿನ ಸುರುಳಿ ಗೆರೆ, ಅಂದರೆ ರೈಫ್ಲಿಂಗ್, ಓರೆಯಾಗಿ ಅಚ್ಚೊತ್ತಿರಬೇಕು. ಬುಡ ಕರಗಿದ ಹಾಗಿದ್ದರೆ ಅಥವಾ ತೂತು ಬಿದ್ದಿದ್ದರೆ ಮದ್ದು ಆ ಪ್ಲಾಸ್ಟಿಕ್ಕಿಗೆ ಜಾಸ್ತಿಯಾಗಿದೆ, ಇಲ್ಲವೇ ನಳಿಗೆ ಕಾದಿದೆ. ಒಂದು ಎಸಳು ಹರಿದುಹೋಗಿದ್ದರೆ ಗುಂಡನ್ನು ಓರೆ ತಳ್ಳಿರುತ್ತದೆ. ಬೇರೆ ಸೇಬೋ ಹಾಕಿ ನೋಡಿ. ಗುಂಡು ಅದೇ ಇರಲಿ, ಸೇಬೋ ಮಾತ್ರ ಬದಲಾಗಲಿ.

ಬೇಸಿಗೆಯಲ್ಲಿ ಅಭ್ಯಾಸ ಮಾಡುವವರು ನಳಿಗೆ ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕೈ ಇಟ್ಟರೆ ಸುಡುತ್ತಿದೆ ಅಂದರೆ ಪ್ಲಾಸ್ಟಿಕ್ ಮೆತ್ತಗಾಗುವಷ್ಟು ಬಿಸಿಯಾಗಿದೆ. ಆರಲು ಬಿಡಿ. ಡಿಸೆಂಬರಿನ ಚಳಿಯಲ್ಲಿ ಜಿಂಕೆಗೆ ಹೊಡೆಯುವುದು ತಣ್ಣಗಿರುವ ನಳಿಗೆಯಿಂದ ಅಲ್ವಾ? ಹಾಗಾದರೆ ಪರೀಕ್ಷೆಯೂ ತಣ್ಣನೆಯ ನಳಿಗೆಯಿಂದಲೇ ಆಗಬೇಕು.

ಇಷ್ಟೆಲ್ಲ ಆದ ಮೇಲೆ ಮದ್ದಿನ ಅಳತೆಗೆ ಬನ್ನಿ. 250 ಗ್ರೇನಿನ ಸೇಬೋ ಗುಂಡಿಗೆ 80 ಗ್ರೇನ್ ಮದ್ದಿನಿಂದ ಶುರು ಮಾಡಿ. ಮೂರು ಗುಂಡು ಹೊಡೆದು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ 5 ಅಥವಾ 10 ಗ್ರೇನ್ ಏರಿಸುತ್ತ ಹೋಗಿ, ಮಿತಿ ಮೀರದೆ. ಒಂದು ಹಂತದಲ್ಲಿ ತೂತುಗಳ ಗುಂಪು ಕಿರಿದಾಗಿ ಅಲ್ಲಿಂದ ಮತ್ತೆ ಅಗಲವಾಗುತ್ತದೆ. ಆ ಕಿರಿದಾದ ಜಾಗವೇ ನಿಮ್ಮ ಕೋವಿಯ ಅಳತೆ. ಸಾಮಾನ್ಯವಾಗಿ ಅದು 90ರಿಂದ 110ರ ಒಳಗೆ ಬರುತ್ತದೆ. ಮೂರು ಪೆಲೆಟ್ ಹಾಕಿ 150 ಗ್ರೇನ್ ಹೊಡೆಯಬೇಕು ಅನ್ನುವ ಹುಚ್ಚು ಏಕೆ ಅಂತ ನನಗೆ ಅರ್ಥವಾಗುವುದಿಲ್ಲ. ನಳಿಗೆಯ ಉದ್ದ ಅಷ್ಟು ಮದ್ದನ್ನು ಪೂರ್ತಿ ಉರಿಸಲು ಸಾಲದು. ಹಿಮದ ಮೇಲೆ ಹೊಡೆದು ನೋಡಿದರೆ ಉರಿಯದ ಪುಡಿ ಮುಂದೆ ಚೆಲ್ಲಿರುವುದು ಕಾಣುತ್ತದೆ. ಸಿಕ್ಕಿದ್ದು ಭುಜಕ್ಕೆ ಏಟು ಮತ್ತು ಟ್ರಿಗರ್ ಎಳೆಯುವಾಗ ಬೆಚ್ಚಿ ಅದುರುವ ಅಭ್ಯಾಸ. ಟ್ರಿಪಲ್ ಸೆವೆನ್ ಪೆಲೆಟ್ಟಿಗಂತೂ ತಯಾರಕರೇ 100 ಗ್ರೇನ್, ಅಂದರೆ 50ರ ಎರಡು ಪೆಲೆಟ್, ಮಿತಿ ಅಂತ ಹೇಳಿದ್ದಾರೆ.

ಕೊನೆಯದು ನಳಿಗೆಯ ಸುರುಳಿ. ರೈಫ್ಲಿಂಗ್ ಎಷ್ಟು ಇಂಚಿಗೆ ಒಂದು ಸುತ್ತು ಸುತ್ತುತ್ತದೆ ಅನ್ನುವುದರ ಮೇಲೆ ಗುಂಡಿನ ಆಯ್ಕೆ ನಿಂತಿದೆ. 28 ಇಂಚಿಗೆ ಒಂದು ಸುತ್ತು ಇದ್ದರೆ ಉದ್ದ ಗುಂಡಿಗೆ, ಸೇಬೋಗೆ ಹೇಳಿ ಮಾಡಿಸಿದ್ದು. 60, 66 ಇಂಚಿಗೆ ಒಂದು ಸುತ್ತು ಇದ್ದರೆ ಬಟ್ಟೆ ಸುತ್ತಿದ ಉಂಡೆ ಗುಂಡಿಗೆ. 48 ಇಂಚಿನದ್ದು ನಡುವೆ, ಉಂಡೆಯನ್ನೂ ಗಿಡ್ಡ ಸೀಸದ ಗುಂಡನ್ನೂ ಒಂದು ಮಟ್ಟಕ್ಕೆ ಒಪ್ಪಿಕೊಳ್ಳುತ್ತದೆ. ನಿಧಾನ ಸುರುಳಿಯ ನಳಿಗೆಗೆ ಉದ್ದನೆಯ ತಾಮ್ರದ ಗುಂಡು ಹಾಕಿದರೆ ಅದು ಗಾಳಿಯಲ್ಲಿ ಹೊರಳುತ್ತದೆ. ಗುರಿಕಾಗದದಲ್ಲಿ ತೂತು ದುಂಡಗೆ ಇರದೆ ಅಡ್ಡಡ್ಡ ಕೀಲಿ ತೂತಿನ ಹಾಗೆ ಕಂಡರೆ ಅದೇ ಕಾರಣ. ಗುಂಡು ಬದಲಿಸಿ, ಬೇರೆ ದಾರಿ ಇಲ್ಲ.

ಉಂಡೆ ಗುಂಡು ಚದುರುತ್ತಿದೆ

ಇಲ್ಲಿ ಬಟ್ಟೆಯ ತುಂಡು, ಅಂದರೆ ಪ್ಯಾಚ್, ಎಲ್ಲವನ್ನೂ ಹೇಳುತ್ತದೆ. ಹೊಡೆದ ಮೇಲೆ ಹತ್ತು ಹದಿನೈದು ಗಜ ಮುಂದೆ ಬಿದ್ದಿರುತ್ತದೆ, ಹೆಕ್ಕಿ ತನ್ನಿ. ಇಡಿಯಾಗಿದ್ದು, ನಡುವೆ ಮಸಿಯ ದುಂಡು ಗುರುತು, ಅಂಚು ಸ್ವಲ್ಪ ಬಿಚ್ಚಿಕೊಂಡಿದ್ದರೆ ಒಳ್ಳೆಯದು. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಅಥವಾ ಎಣ್ಣೆ ಜಿಡ್ಡು ಸಾಲದು, ಅಥವಾ ಮದ್ದು ಜಾಸ್ತಿ. ಚಾಕುವಲ್ಲಿ ಸೀಳಿದ ಹಾಗೆ ಉದ್ದುದ್ದ ಹರಿದಿದ್ದರೆ ನಳಿಗೆಯ ಬಾಯಿಯ ಅಂಚು ಚೂಪಾಗಿದೆ, ಹೊಸ ಕೋವಿಗಳಲ್ಲಿ ಇದು ಇರುತ್ತದೆ, ಸಾಕಷ್ಟು ಗುಂಡು ಹೊಡೆದ ಮೇಲೆ ತಾನೇ ನುಣುಪಾಗುತ್ತದೆ, ಆಗದಿದ್ದರೆ ಕೋವಿ ರಿಪೇರಿಯವರ ಕೆಲಸ. 50 ಕ್ಯಾಲಿಬರಿಗೆ 0.490 ಇಂಚಿನ ಉಂಡೆ, 0.015 ಇಂಚು ದಪ್ಪದ ಬಟ್ಟೆ, 70ರಿಂದ 90 ಗ್ರೇನ್ ಎರಡು ಎಫ್ (ಎಫ್ ಹೆಚ್ಚಾದಷ್ಟು ಪುಡಿ ನುಣುಪು) ಕರಿಮದ್ದು ಒಳ್ಳೆಯ ಆರಂಭ. ಬಟ್ಟೆ ಹತ್ತಿಯದ್ದೇ ಆಗಿರಬೇಕು. ಪಾಲಿಯೆಸ್ಟರ್ ಬೆರೆತಿದ್ದರೆ ಒಳಗೆ ಕರಗಿ ಅಂಟುತ್ತದೆ.

ಮೊದಲ ಗುಂಡು ಮಾತ್ರ ಬೇರೆ ಕಡೆ, ಉಳಿದವು ಒಟ್ಟಿಗೆ

ಇದು ಎಣ್ಣೆಯ ಆಟ. ತುಕ್ಕು ಹಿಡಿಯದಿರಲಿ ಅಂತ ನಳಿಗೆಗೆ ಎಣ್ಣೆ ಹಚ್ಚಿಟ್ಟಿರುತ್ತೀರಿ, ಅದನ್ನು ತೆಗೆಯದೆ ಮೊದಲ ಗುಂಡು ಹೊಡೆಯುತ್ತೀರಿ. ತುಂಬುವ ಮುಂಚೆ ಒಣ ಬಟ್ಟೆ, ಬೇಕಿದ್ದರೆ ಸ್ವಲ್ಪ ಆಲ್ಕೋಹಾಲ್ ಹಾಕಿದ ಬಟ್ಟೆ ಆಡಿಸಿ ಒಣಗಿಸಿ. ಆಮೇಲೆ ನೆಲಕ್ಕೋ ದಿಣ್ಣೆಗೋ ಬಾಯಿ ತಿರುಗಿಸಿ ಬರೀ ಪ್ರೈಮರ್ ಒಂದನ್ನು ಹೊಡೆಯಿರಿ. ಜಿಂಕೆ ಎದುರು ನಿಮಗೆ ಸಿಗುವುದು ಆ ಮೊದಲ ಗುಂಡೊಂದೇ. ಆದ್ದರಿಂದ ಸ್ಕೋಪನ್ನು ಆ ಗುಂಡಿಗೆ ಹೊಂದಿಸಬೇಕು, ಐದನೇ ಗುಂಡಿಗಲ್ಲ. ಬೇರೆ ಬೇರೆ ದಿನ ಹೋಗಿ ತಣ್ಣನೆಯ ನಳಿಗೆಯ ಮೊದಲ ಗುಂಡನ್ನು ಒಂದೇ ಕಾಗದಕ್ಕೆ ಹೊಡೆಯಿರಿ. ಆ ಕಾಗದದಲ್ಲಿ ಕಾಣುವುದೇ ಕಾಡಿನಲ್ಲಿ ನಿಮ್ಮ ನಿಜವಾದ ಗುರಿ.

ಎರಡನೇ ಗುಂಡು ಇಳಿಯುತ್ತಿಲ್ಲ

ಅರ್ಧ ದಾರಿಗೆ ಹೋಗಿ ಗಟ್ಟಿ ನಿಂತಿತು ಅಂದರೆ ಮೊದಲು ಇದನ್ನು ಓದಿ: ಅದನ್ನು ಹಾಗೇ ಹೊಡೆಯಬೇಡಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಪ್ರೈಮರ್ ಹಾಕಬೇಡಿ. ಗುಂಡನ್ನು ಗೆರೆ ತನಕ ಇಳಿಸಬೇಕು, ಇಲ್ಲವೇ ಹೊರಗೆ ತೆಗೆಯಬೇಕು. ಹೊರಗೆ ಹಾಕಲು ಪುಟ್ಟ ಸಿಒ2 ಗ್ಯಾಸ್ ಡಬ್ಬಿಯಿಂದ ಊದುವ ಸಣ್ಣ ಉಪಕರಣ ಸಿಗುತ್ತದೆ, ಅದನ್ನು ಬಳಸುವಾಗಲೂ ಬಾಯಿ ಖಾಲಿ ದಿಕ್ಕಿಗೇ ಇರಲಿ. ರಾಡ್ ಮೇಲೆ ಅಂಗೈ ಇಟ್ಟು ಮೈಭಾರ ಹಾಕಿ ಒತ್ತುವುದು ಅಪಾಯ. ಬದಿಯಿಂದ ಬೆರಳಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಒತ್ತಿ. ಮುಖ, ಎದೆ ನಳಿಗೆಯ ಬಾಯಿಗೆ ಅಡ್ಡ ಬರಬಾರದು.

ಕಾರಣ ಏನು? ಟ್ರಿಪಲ್ ಸೆವೆನ್ ಬಳಸುತ್ತಿದ್ದರೆ ಗುಂಡು ಕೂರುವ ಜಾಗದಲ್ಲೇ ಮಸಿಯ ಗಟ್ಟಿ ಬಳೆಯೊಂದು ಕಟ್ಟಿಕೊಳ್ಳುತ್ತದೆ. ರಾಡ್ ಆಡಿಸಿದರೆ ಸರಾಗವಾಗಿ ಹೋಗಿ, ತಳದ ಹತ್ತಿರ ಬಂದಾಗ ಒಮ್ಮೆಲೇ ಗರ ಗರ ಅನ್ನುತ್ತದೆ. ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒದ್ದೆ ಬಟ್ಟೆ ಒಂದೆರಡು ಸಲ ಹಿಂದೆ ಮುಂದೆ ಆಡಿಸಿದರೆ ಕರಗುತ್ತದೆ, ನೀರಿಗೇ ಬಿಡುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ಮದ್ದು 10 ಗ್ರೇನ್ ಇಳಿಸಿ, ಅಥವಾ ಈ ಮದ್ದಿಗೆಂದೇ ಬರುವ ಮೆತ್ತಗಿನ 209 ಪ್ರೈಮರ್ ಹಾಕಿ. ಬೇರೆ ಮದ್ದಿನಲ್ಲೂ ಹೀಗೇ ಆಗುತ್ತಿದ್ದರೆ ಸೇಬೋ ಬಿಗಿಯಾಗಿದೆ. ನಳಿಗೆಗಳ ಒಳ ಅಳತೆ ಒಂದೊಂದರಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತದೆ. ಹೊರಮೈ ಗೀರುಗೀರಾಗಿರುವ, ಸುಲಭವಾಗಿ ಇಳಿಯುವ ಸೇಬೋ ಸಿಗುತ್ತವೆ, ಒಂದು ಪ್ಯಾಕೆಟ್ ತಂದು ನೋಡಿ.

ಇದರ ಉಲ್ಟಾ ಲಕ್ಷಣವೂ ಅಷ್ಟೇ ಕೆಟ್ಟದ್ದು. ಗುಂಡು ಸುಮ್ನೆ ಬೆರಳಲ್ಲೇ ಜಾರಿ ಇಳಿಯುತ್ತದೆ ಅಂದರೆ ಖುಷಿಪಡಬೇಡಿ. ಕೋವಿಯನ್ನು ಬಾಯಿ ಕೆಳಗೆ ಮಾಡಿ ನಡೆದಾಗ ಅದು ಮುಂದಕ್ಕೆ ಸರಿಯುತ್ತದೆ, ಮತ್ತದೇ ಜಾಗ ಬಿಡುವ ಅಪಾಯ. ಹಾಗಾಗಿ ಕಾಡಿನಲ್ಲಿ ಆಗಾಗ ರಾಡ್ ಬಿಟ್ಟು ಗೆರೆ ನೋಡಿಕೊಳ್ಳಬೇಕು. ಅದಕ್ಕೂ ಮುಂಚೆ ಪ್ರೈಮರ್ ತೆಗೆದಿರಬೇಕು.

ಟಿಕ್ ಅಂತು, ಸಿಡಿಯಲಿಲ್ಲ. ಅಥವಾ ಸ್ವಲ್ಪ ತಡೆದು ಸಿಡಿಯಿತು

ಕೋವಿ ಅಲುಗಿಸಬೇಡಿ. ಬಾಯಿ ಗುರಿಯ ಕಡೆಗೇ ಇರಲಿ, ಕನಿಷ್ಠ ಒಂದು ನಿಮಿಷ ಹಾಗೇ ಹಿಡಿದುಕೊಳ್ಳಿ. ಒಳಗೆ ಕಿಡಿ ಮಲಗಿದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಏನಾಯಿತು ಅಂತ ಬಾಯಿ ಕಡೆ ಬಗ್ಗಿ ನೋಡಿದವರಿಗೆ ಎರಡನೇ ಅವಕಾಶ ಇರುವುದಿಲ್ಲ.

ನಿಮಿಷ ಕಳೆದ ಮೇಲೆ ಪ್ರೈಮರ್ ತೆಗೆದು ನೋಡಿ. ಅದೇ ಸಿಡಿದಿಲ್ಲ ಅಂದರೆ ಹೊಸದು ಹಾಕಿ ಹೊಡೆಯಿರಿ. ಮತ್ತೂ ಹೀಗೇ ಆದರೆ ಫೈರಿಂಗ್ ಪಿನ್ನಿನ ಸುತ್ತ ಜಿಡ್ಡು ಗಟ್ಟಿಯಾಗಿರಬಹುದು, ಚಳಿಯಲ್ಲಿ ಎಣ್ಣೆ ಮಂದವಾಗಿ ಹೊಡೆತ ಸೋಲುತ್ತದೆ. ಪ್ರೈಮರ್ ಸಿಡಿದಿದೆ, ಮದ್ದು ಹತ್ತಿಲ್ಲ ಅಂದರೆ ಮೂರು ಅನುಮಾನ. ಒಂದು, ಮದ್ದನ್ನೇ ಹಾಕಿಲ್ಲ. ನಗಬೇಡಿ, ರೇಂಜಿನಲ್ಲಿ ಮಾತಾಡುತ್ತ ತುಂಬುವಾಗ ಇದು ನಡೆಯುತ್ತಲೇ ಇರುತ್ತದೆ. ರಾಡ್ ಬಿಟ್ಟು ಗೆರೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಎರಡು, ನಳಿಗೆಯ ಹಿಂತುದಿ ಮುಚ್ಚುವ ತಿರುಪಿನ, ಅಂದರೆ ಬ್ರೀಚ್ ಪ್ಲಗ್ಗಿನ, ಸಣ್ಣ ಕಿಂಡಿ ಕಟ್ಟಿಕೊಂಡಿದೆ. ಮೂರು, ಮದ್ದು ಒದ್ದೆಯಾಗಿದೆ.

ಕಿಂಡಿಯ ಪರೀಕ್ಷೆ ತುಂಬುವ ಮುಂಚೆಯೇ ಮಾಡಬಹುದು. ಖಾಲಿ ನಳಿಗೆಯ ತಳಕ್ಕೆ ರಾಡಿನ ತುದಿಗೆ ಬಟ್ಟೆ ಸಿಕ್ಕಿಸಿ ಇಳಿಸಿ, ಬಾಯಿ ಸುರಕ್ಷಿತ ದಿಕ್ಕಿಗಿಟ್ಟು ಪ್ರೈಮರ್ ಹೊಡೆಯಿರಿ, ಬಟ್ಟೆ ಹೊರಗೆಳೆದು ನೋಡಿ. ನಡುವೆ ಸುಟ್ಟ ಚುಕ್ಕೆ ಇದ್ದರೆ ದಾರಿ ತೆರೆದಿದೆ. ಇಲ್ಲದಿದ್ದರೆ ಪ್ಲಗ್ ಬಿಚ್ಚಿ ಸ್ವಚ್ಛ ಮಾಡಿ. ಬ್ಲ್ಯಾಕ್‌ಹಾರ್ನ್ ಬಳಸುವವರು ಪ್ಲಗ್ಗಿನ ಒಳಗೆ ಕಟ್ಟುವ ಗಟ್ಟಿ ಇಂಗಾಲವನ್ನು ಸರಿಯಾದ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಕೆರೆದು ತೆಗೆಯಬೇಕು. ಮಷೀನಿಗೆ ಹಾಕಬೇಡಿ, ಕಿಂಡಿ ಅಗಲವಾದರೆ ಪ್ಲಗ್ ಹೋಯಿತು. ಈ ಮದ್ದಿಗೆ ಜೋರು ಪ್ರೈಮರೇ ಬೇಕು. ಸಿಸಿಐ 209ಎಂ, ಫೆಡರಲ್ 209ಎ ಥರದ್ದು. ಮಾಮೂಲಿ ಕೇಪು, ಫ್ಲಿಂಟ್‌ಲಾಕಿಗೆ ಇದು ಆಗುವುದೇ ಇಲ್ಲ. ಪೈರೋಡೆಕ್ಸ್ ಪೆಲೆಟ್ ಆಗಿದ್ದರೆ ಒಂದು ತುದಿ ಕಪ್ಪಗಿರುತ್ತದೆ, ಆ ತುದಿ ಪ್ರೈಮರ್ ಕಡೆಗೆ ಹೋಗಬೇಕು. ತಿರುಗುಮುರುಗಾಗಿ ಹಾಕಿದರೆ ತಡವಾಗಿ ಹತ್ತುತ್ತದೆ.

ಒದ್ದೆಯಾಗುವುದು ಮಳೆಯಿಂದ ಮಾತ್ರ ಅಲ್ಲ. ಇಡೀ ದಿನ ಚಳಿಯಲ್ಲಿದ್ದ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಒಳಗೂ ಹೊರಗೂ ಬೆವರುತ್ತದೆ. ಮರುದಿನ ಬೆಳಿಗ್ಗೆ ಟಿಕ್. ಅದಕ್ಕೇ ಒಂದೋ ಸಂಜೆಯೇ ಸುರಕ್ಷಿತ ಜಾಗದಲ್ಲಿ ಹೊಡೆದು ಖಾಲಿ ಮಾಡಿ ತೊಳೆಯಬೇಕು, ಇಲ್ಲವೇ ನಿಮ್ಮ ರಾಜ್ಯದ ನಿಯಮ ಮತ್ತು ಮನೆಯ ಪರಿಸ್ಥಿತಿ ಎರಡೂ ಒಪ್ಪಿದರೆ ಪ್ರೈಮರ್ ತೆಗೆದು ಬೀಗವಿರುವ ತಣ್ಣನೆಯ ಜಾಗದಲ್ಲೇ ಇಡಬೇಕು. ಮಕ್ಕಳಿರುವ ಮನೆಯಲ್ಲಿ ಮೊದಲನೆಯದು ಬಿಟ್ಟು ಬೇರೆ ಆಯ್ಕೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಬರುವ ಸೀಸನ್ನಿಗೆ ಫ್ಲಿಂಟ್‌ಲಾಕೇ ಬೇಕು, ಅಲ್ಲಿ ಇಂಥ ಕೋವಿಯ ಸೀಸನ್ ಶುರುವಾದದ್ದು 1974ರಲ್ಲಿ. ಅದರಲ್ಲಿ ಸಿಡಿಯಲಿಲ್ಲ ಅಂದರೆ ಮೊದಲು ಕಲ್ಲಿನ ಅಂಚು ನೋಡಿ, ಮೊಂಡಾಗಿದ್ದರೆ ಬದಲಿಸಿ. ಕಲ್ಲು ಬಡಿಯುವ ಉಕ್ಕಿನ ಮುಖದಲ್ಲಿ ಎಣ್ಣೆ ಇರಬಾರದು. ನಳಿಗೆಯ ಪಕ್ಕದ ಪುಟ್ಟ ಬಾಣಲೆಯಲ್ಲಿ ಮದ್ದು ಫ್ಲ್ಯಾಶ್ ಆಯಿತು, ಒಳಗಿನದು ಹತ್ತಲಿಲ್ಲ ಅಂದರೆ ಪಕ್ಕದ ಕಿಂಡಿಗೆ ಸಣ್ಣ ತಂತಿ ಹಾಕಿ ಬಿಡಿಸಿ. ಬಾಣಲೆಗೆ ನಾಲ್ಕು ಎಫ್ ನುಣ್ಣನೆ ಪುಡಿ, ಕಿಂಡಿ ಮುಚ್ಚದಷ್ಟು ಕಡಿಮೆ. ಒಳಗೆ ಅಸಲಿ ಕರಿಮದ್ದೇ ಹಾಕಿ. ಬದಲಿ ಮದ್ದುಗಳು ಹತ್ತಲು ಜಾಸ್ತಿ ಬಿಸಿ ಬೇಕು, ಆ ಕಿಡಿಗೆ ಅವು ಜಗ್ಗುವುದಿಲ್ಲ.

50 ಗಜಕ್ಕೆ ಸರಿ, 150ಕ್ಕೆ ಹೋದರೆ ಕೆಳಗೆ

ಇದು ದೋಷವೇ ಅಲ್ಲ. 100 ಗ್ರೇನ್ ಮದ್ದಿಗೆ 250 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 1700ರಿಂದ 1800 ಅಡಿ ವೇಗದಲ್ಲಿ ಹೊರಡುತ್ತದೆ. 100 ಗಜಕ್ಕೆ ಸರಿಯಾಗಿ ಹೊಂದಿಸಿದ್ದರೆ 150ರಲ್ಲಿ ಸುಮಾರು 5, 6 ಇಂಚು ಕೆಳಗೆ ಬೀಳುತ್ತದೆ. 100ರಲ್ಲಿ 2 ಇಂಚು ಮೇಲೆ ಬೀಳುವ ಹಾಗೆ ಹೊಂದಿಸಿದರೆ 150ರ ತನಕ ಹೆಚ್ಚು ಲೆಕ್ಕ ಹಾಕಬೇಕಿಲ್ಲ. ಆದರೂ ಆ ದೂರಕ್ಕೆ ನೀವೇ ಹೊಡೆದು ನೋಡಿರಬೇಕು. ಜಿಂಕೆಯ ಶ್ವಾಸಕೋಶದ ಜಾಗ 8 ಇಂಚಿನ ಕಾಗದದ ತಟ್ಟೆಯಷ್ಟು. ಯಾವ ದೂರದಲ್ಲಿ ನಿಮ್ಮ ಗುಂಡುಗಳೆಲ್ಲ ಆ ತಟ್ಟೆಯೊಳಗೆ ಬೀಳುತ್ತವೋ ಅಲ್ಲಿಗೆ ನಿಮ್ಮ ಬೇಟೆಯ ದೂರ ಮುಗಿಯಿತು. ಉಂಡೆ ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆ, 100 ಗಜಕ್ಕೆ ಹೋಗುವಷ್ಟರಲ್ಲಿ ಸಾವಿರ ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ಅದರಲ್ಲಿ 75 ಗಜ ದಾಟಬೇಡಿ.

ಜಿಂಕೆಗೆ ಬಿತ್ತು, ಆದರೆ ರಕ್ತ ಕಾಣುತ್ತಿಲ್ಲ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕಾಗದಕ್ಕೆ ಚೆನ್ನಾಗಿ ಬೀಳುವ ಗುಂಡು ಜಿಂಕೆಗೂ ಒಳ್ಳೆಯದು ಅಂತ ಏನಿಲ್ಲ. ಗುಂಡು ಒಳಹೊಕ್ಕು, ಅರಳಿ, ಆಚೆ ಬದಿಯಿಂದ ಹೊರಗೆ ಬರಬೇಕು. ಎರಡು ತೂತಾದರೆ ರಕ್ತದ ಜಾಡು ಸಿಗುತ್ತದೆ, ಜಿಂಕೆ ಬೇಗ ಸಾಯುತ್ತದೆ.

ಒಳಗೆ ಹೋದ ತೂತು ದೊಡ್ಡದು, ಹೊರಬಂದ ತೂತೇ ಇಲ್ಲ, ಭುಜದ ಮಾಂಸವೆಲ್ಲ ಸೀಸದ ಚೂರು: ಇದು ಮೆತ್ತನೆ ಗುಂಡಿಗೆ ವೇಗ ಜಾಸ್ತಿಯಾದ ಲಕ್ಷಣ. ಶುದ್ಧ ಸೀಸದ ಟೊಳ್ಳು ಮೂತಿಯ ಗುಂಡು, ಅಥವಾ ಕೈಪಿಸ್ತೂಲಿನ ವೇಗಕ್ಕೆ ಅಂತ ಮಾಡಿದ 44 ಕ್ಯಾಲಿಬರಿನ ಗುಂಡನ್ನು ಸೇಬೋದಲ್ಲಿ ಹಾಕಿ 150 ಗ್ರೇನ್ ಮದ್ದಿಗೆ 30 ಗಜದಲ್ಲಿ ಹೊಡೆದರೆ ಹೀಗಾಗುತ್ತದೆ. ಮದ್ದು ಇಳಿಸಿ, ಇಲ್ಲವೇ ಗಟ್ಟಿ ಗುಂಡಿಗೆ ಹೋಗಿ.

ಸಣ್ಣ ತೂತು ಒಳಗೆ, ಅಷ್ಟೇ ಸಣ್ಣ ತೂತು ಹೊರಗೆ, ಹನಿ ರಕ್ತವೂ ಇಲ್ಲ: ಗುಂಡು ಅರಳಿಲ್ಲ. ಗಟ್ಟಿ ಮೂತಿಯ ಗುಂಡಿಗೆ ವೇಗ ಸಾಲದೆ ಹೋದಾಗ, ಅಥವಾ ಬಹಳ ದೂರದಿಂದ ಹೊಡೆದಾಗ ಇದು. ಟೊಳ್ಳು ಮೂತಿ ಅಗಲವಾಗಿರುವ ಗುಂಡು ತನ್ನಿ, ಅಥವಾ ಹತ್ತಿರದಿಂದ ಹೊಡೆಯಿರಿ. ನನ್ನ ಒಲವು ಎರಡರ ಕಡೆ. ಸೇಬೋ ಬಳಸುವ ಕಡೆ 250 ಗ್ರೇನಿನ ಇಡೀ ತಾಮ್ರದ ಗುಂಡು, 100 ಗ್ರೇನ್ ಮದ್ದು. ಇಲ್ಲದ ಕಡೆ 350ರಿಂದ 385 ಗ್ರೇನಿನ ಸೀಸದ ಗುಂಡು, 80ರಿಂದ 90 ಗ್ರೇನ್ ಮದ್ದು. ಎರಡನೆಯದು ನಿಧಾನ, ಆದರೆ ಆಚೆ ಹೊರಡುತ್ತದೆ. ತಾಮ್ರದ್ದು ಮಾಂಸದಲ್ಲಿ ಸೀಸ ಬಿಡುವುದಿಲ್ಲ, ಮನೆಯಲ್ಲಿ ಮಕ್ಕಳು ತಿನ್ನುತ್ತಾರೆ ಅಂದಾಗ ಅದು ಸಣ್ಣ ವಿಷಯವಲ್ಲ.

ಗುಂಡು ಕೊಳ್ಳುವ ಮುಂಚೆ ಆ ರಾಜ್ಯದ ಈ ವರ್ಷದ ನಿಯಮ ಓದಿ. ಕೊಲೊರಾಡೋದ ಮಜಲ್‌ಲೋಡರ್ ಸೀಸನ್ನಿನಲ್ಲಿ ಸೇಬೋ, ಪೆಲೆಟ್, ಸ್ಕೋಪ್ ಮೂರೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಇಲ್ಲ.

ಗುಂಡು ಹೊಡೆದ ಕೂಡಲೇ ಬಿಳಿ ಹೊಗೆ ಕಣ್ಣು ಮುಚ್ಚುತ್ತದೆ. ಬಗ್ಗಿ ಹೊಗೆಯ ಕೆಳಗಿನಿಂದ ನೋಡಿ, ಕಿವಿ ಕೊಡಿ, ಜಿಂಕೆ ಕೊನೆಗೆ ಕಂಡ ಮರವನ್ನು ಗುರುತಿಟ್ಟುಕೊಳ್ಳಿ. ಆಮೇಲೆ ನಿಂತಲ್ಲೇ ಮತ್ತೆ ತುಂಬಿ. ಅರ್ಧ ಗಂಟೆ ಕಾಯಿರಿ. ಬಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ನೊರೆ ರಕ್ತ ಇದ್ದರೆ ಶ್ವಾಸಕೋಶ, ಹೆಚ್ಚು ದೂರ ಹೋಗಿರುವುದಿಲ್ಲ. ಕಪ್ಪು ಕೆಂಪು ಇದ್ದರೆ ಈಲಿ, ಅಂದರೆ ಯಕೃತ್ತು, ಇರುವ ಜಾಗ, ಇನ್ನೂ ಕೆಲವು ಗಂಟೆ ಬಿಡಿ. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ. ಆಗ ಹಿಂದೆ ಬೀಳಬೇಡಿ, ಆರೆಂಟು ಗಂಟೆ ಕಾಯಬೇಕು. ಅಟ್ಟಿಸಿದರೆ ಮೈಲಿಗಟ್ಟಲೆ ಹೋಗಿ ನರಳಿ ಸಾಯುತ್ತದೆ. ಜಾಡು ತಪ್ಪಿತು ಅನ್ನಿಸಿದ ಕೂಡಲೇ ಅಲ್ಲೇ ನಿಂತು, ಕಾಲಿಂದ ತುಳಿದು ಕೆಡಿಸದೆ, ನಾಯಿ ತರುವವರಿಗೆ ಫೋನ್ ಮಾಡಿ. ಬಹಳ ರಾಜ್ಯಗಳಲ್ಲಿ ಹಗ್ಗ ಕಟ್ಟಿದ ನಾಯಿಯಿಂದ ಗಾಯದ ಜಿಂಕೆ ಹುಡುಕಿಸಲು ಅನುಮತಿ ಇದೆ, ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಅನ್ನುವ ಸಂಸ್ಥೆಯಲ್ಲಿ ರಾಜ್ಯವಾರು ಪಟ್ಟಿ ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಿ, ಕೋವಿ ರಿಪೇರಿಯವರ ಹತ್ತಿರ ಹೋಗಿ

ಬಿಗಿ ಬಟ್ಟೆ ಹಾಕಿ ರಾಡ್ ಇಳಿಸುವಾಗ ಒಂದೇ ಜಾಗದಲ್ಲಿ ಒಮ್ಮೆಲೇ ಸಡಿಲವಾಗಿ ಮತ್ತೆ ಬಿಗಿಯಾದರೆ ನಳಿಗೆ ಅಲ್ಲಿ ಒಳಗಿಂದ ಉಬ್ಬಿದೆ. ಬೆಳಕು ಬಿಟ್ಟು ನೋಡಿದರೆ ಕಪ್ಪು ಉಂಗುರ ಕಾಣಬಹುದು. ಆ ಕೋವಿಯಿಂದ ಇನ್ನೊಂದು ಗುಂಡು ಹೊಡೆಯಬೇಡಿ. ಸ್ಕೋಪಿನ ಕೆಳಗೆಲ್ಲ ಮಸಿ ಹಾರಿ, ಹೊಡೆದಾಗ ಮುಖಕ್ಕೆ ಬಿಸಿಗಾಳಿ ಬಂದರೆ ಪ್ಲಗ್ಗಿನ ಕಿಂಡಿ ಸವೆದಿದೆ ಅಥವಾ ಪ್ರೈಮರ್ ಸರಿಯಾಗಿ ಕೂರುತ್ತಿಲ್ಲ. ಪ್ಲಗ್ ಹೊಸದು ಹಾಕಿದ ಮೇಲೂ ಬಂದರೆ ತೋರಿಸಲೇಬೇಕು. ಬ್ರೀಚ್ ಪ್ಲಗ್ ತಿರುಗುತ್ತಿಲ್ಲ, ಒಳಗೆ ಗುಂಡು ಮದ್ದು ಇದೆ ಅಂದರೆ ಸುತ್ತಿಗೆ, ಬೆಂಕಿ ಊದುವ ಬ್ಲೋಟಾರ್ಚ್ ಎರಡನ್ನೂ ದೂರ ಇಡಿ. ಬಿಸಿ ಮಾಡಿದರೆ ಒಳಗಿನ ಮದ್ದು ಹತ್ತಿಕೊಳ್ಳುತ್ತದೆ. ಮದ್ದಿಲ್ಲದೆ ಬರೀ ಗುಂಡು ತಳಕ್ಕೆ ಹೋಗಿದ್ದರೆ ಗ್ಯಾಸಿನ ಉಪಕರಣ ಅಥವಾ ಗುಂಡು ಕೀಳುವ ಸ್ಕ್ರೂ ಸಾಕು, ಮದ್ದು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಮದ್ದು ಇದೆ ಅಂತಲೇ ತಿಳಿದು ನಡೆದುಕೊಳ್ಳಿ. ಅಂಗಡಿಗೆ ಒಯ್ಯುವ ಮುಂಚೆ ಪ್ರೈಮರ್ ತೆಗೆದು, ಕೋವಿಗೆ ‘ತುಂಬಿದೆ’ ಅಂತ ಚೀಟಿ ಕಟ್ಟಿ, ಫೋನಿನಲ್ಲಿ ಮೊದಲೇ ಹೇಳಿ. ತುಂಬಿದ ಕೋವಿಯನ್ನು ವಾಹನದಲ್ಲಿ ಒಯ್ಯಲು ನಿಮ್ಮ ರಾಜ್ಯ ಬಿಡುವುದಿಲ್ಲ ಅಂದರೆ ಅವರನ್ನೇ ಮನೆಗೆ ಕರೆಯಿರಿ.